ಅಮ್ಮಣ್ಣಿಗೆ ನಿದ್ದೆ ಬಂದ ಬಗೆ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಕಟ್ಟಿದವರು ಗಾಳಿ ಸಾಹೇಬರನ್ನು ನೋಡಿರಲಿಲ್ಲ. ಅವರಿಗೆ ಚಿಂತೆಯೂ ಬೇಕಾದಷ್ಟಿತ್ತು, ನಿದ್ದೆಯೂ ಬೇಕಾದಷ್ಟಿತ್ತು. ಒಂದು ಇನ್ನೊಂದರ ದಾರಿಗೆ ಅಡ್ಡ ಬರುತ್ತಿರಲಿಲ್ಲ, ಅಷ್ಟೆ.

ಹರೆಯದಲ್ಲಿ ಅವರು ಸಿನಿಮಾ ಮಂದಿರದ ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸಕ್ಕಿದ್ದರು. ಮೂರನೆಯ ಆಟದ ಜನ ಅವರನ್ನು ದಾಟಿಕೊಂಡು ಒಳಗೆ ಹೋಗಿ, ಸಿನಿಮಾ ನೋಡಿ, ಮತ್ತೆ ಅವರನ್ನೇ ದಾಟಿಕೊಂಡು ಮನೆಗೆ ಹೋದ ಮೇಲೆ ಆ ಕೆಲಸ ಹೋಯಿತು. ಆಮೇಲೆ ಒಂದು ಗೋದಾಮಿಗೆ ಕಾವಲುಗಾರರಾದರು. ಕಳ್ಳರು ಬಂದು, ಅವರಿಗೆ ತೊಂದರೆಯಾಗಬಾರದೆಂದು ತುದಿಗಾಲಲ್ಲಿ ನಡೆದು, ಕೆಲಸ ಮುಗಿಸಿ, ಹೋಗುವಾಗ ಬಾಗಿಲನ್ನೂ ಹಾಕಿಕೊಂಡು ಹೋದರಂತೆ. ಕೊನೆಗೆ ಒಂದು ಫ್ಯಾನ್ ಕಂಪನಿಯಲ್ಲಿ ಮಾರಾಟದ ಕೆಲಸ ಸಿಕ್ಕಿತು. ಗಾಳಿ ಸಾಹೇಬರು ಎಂಬ ಹೆಸರು ಬಂದದ್ದು ಅಲ್ಲಿಂದಲೇ.

ಅವರ ಗೊರಕೆಯ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ ಈ ಕಥೆ ಮುಂದಕ್ಕೆ ಹೋಗುವುದಿಲ್ಲ. ಅದು ಗರಗಸದಂಥ ಒರಟು ಗೊರಕೆಯಲ್ಲ. ದೂರದಲ್ಲೆಲ್ಲೋ ಒಂದು ದೊಡ್ಡ ಹಡಗು ದಡಕ್ಕೆ ಬರಲೋ ಬೇಡವೋ ಎಂದು ಯೋಚನೆ ಮಾಡುತ್ತಿರುವ ಹಾಗೆ ಶುರುವಾಗುತ್ತಿತ್ತು. ಬರೋಣ ಎನ್ನುವಾಗ ಏರುತ್ತಿತ್ತು, ನಾಳೆ ನೋಡೋಣ ಎನ್ನುವಾಗ ಇಳಿಯುತ್ತಿತ್ತು. ಆ ಹಡಗು ಎಂದೂ ದಡ ಮುಟ್ಟಿದ್ದಿಲ್ಲ.

"ಮದುವೆ ಆದಾಗಿನಿಂದ ಒಂದು ರಾತ್ರಿ ನೆಟ್ಟಗೆ ನಿದ್ದೆ ಮಾಡಿಲ್ಲ ನಾನು," ಎಂದು ಅವರ ಹೆಂಡತಿ ಬೀದಿಯ ನಲ್ಲಿಯ ಹತ್ತಿರ ಹೇಳುತ್ತಿದ್ದರು. ಬೀದಿಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟು ಕೇಳುತ್ತಿದ್ದರು. ಆಕೆ ಮಾತ್ರ ನೋಡಲು ಚೆನ್ನಾಗಿ ನಿದ್ದೆ ಮಾಡಿ ಎದ್ದವರ ಹಾಗೆಯೇ ಇರುತ್ತಿದ್ದರು.

ಒಂದು ಬೇಸಿಗೆಯಲ್ಲಿ ಕಂಪನಿಯವರು ಗಾಳಿ ಸಾಹೇಬರನ್ನು ರೇಸ್ ಮೈದಾನದ ಹಿಂದಿನ ಕುದುರೆ ಲಾಯಗಳಿಗೆ ಕಳಿಸಿದರು. ಸೆಕೆಗೆ ಕುದುರೆಗಳು ಬೆವರುತ್ತಿವೆ, ಅಲ್ಲಿ ಫ್ಯಾನಿಗೆ ಗಿರಾಕಿ ಸಿಗಬಹುದು ಎಂದು. ಕುದುರೆ ಕಂಡರೆ ಕಾಲುನೋವು ಎನ್ನುತ್ತಾರೆ. ಗಾಳಿ ಸಾಹೇಬರಿಗೆ ಕುದುರೆಯನ್ನು ಕಂಡರೆ ಮೈಯೆಲ್ಲ ನಡುಕ. ಆದರೂ ಒಂದು ದೊಡ್ಡ ಸ್ಟ್ಯಾಂಡ್ ಫ್ಯಾನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದರು.

ಮಧ್ಯಾಹ್ನದ ಲಾಯ ಅವರು ಅಂದುಕೊಂಡ ಹಾಗಿರಲಿಲ್ಲ. ಉದ್ದಕ್ಕೆ ಸಾಲಾಗಿ ಕೋಣೆಗಳು, ಪ್ರತಿ ಕೋಣೆಗೂ ಅರ್ಧ ಬಾಗಿಲು, ಬಾಗಿಲ ಮೇಲೆ ಒಂದೊಂದು ಉದ್ದ ಮುಖ. ಬೆಳಗಿನ ಓಟ ಮುಗಿಸಿ, ಮೈ ತೊಳೆಸಿಕೊಂಡು ಬಂದ ಕುದುರೆಗಳು ಕಣ್ಣು ಅರ್ಧ ಮುಚ್ಚಿ ನಿಂತಿದ್ದವು. ಹೆಂಚಿನ ಸಂದಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಹುಲ್ಲಿನ ಧೂಳು ನಿಧಾನವಾಗಿ ತೇಲುತ್ತಿತ್ತು. ಎಲ್ಲೋ ಒಂದು ಕಡೆ ಬಕೆಟ್ಟಿಗೆ ನೀರು ತೊಟ್ಟಿಕ್ಕುತ್ತಿತ್ತು. ಅಲ್ಲಿ ಮಾತಾಡುವುದಕ್ಕೂ ಯಾರನ್ನೋ ಅಪ್ಪಣೆ ಕೇಳಬೇಕೇನೋ ಅನ್ನಿಸುವಂಥ ಸದ್ದಿಲ್ಲದ ಹೊತ್ತು.

ಕೊನೆಯ ಕೋಣೆಯಲ್ಲಿ ಮಾತ್ರ ಗೊರಸಿನ ಸಪ್ಪಳ. ಬೂದುಬಣ್ಣದ ಒಂದು ಹೆಣ್ಣು ಕುದುರೆ ಗೋಡೆಯಿಂದ ಗೋಡೆಗೆ, ಗೋಡೆಯಿಂದ ಗೋಡೆಗೆ ನಡೆಯುತ್ತಲೇ ಇತ್ತು. ರೇಸ್ ಪುಸ್ತಕದಲ್ಲಿ ಅದಕ್ಕೆ ಬಾಯಿ ತಿರುಗದ ಒಂದು ಹೆಸರಿತ್ತು. ಲಾಯದಲ್ಲಿ ಎಲ್ಲರೂ ಅಮ್ಮಣ್ಣಿ ಎನ್ನುತ್ತಿದ್ದರು.

"ಇವಳು ಮಲಗೋದೇ ಇಲ್ಲ," ಎಂದ ಟ್ರೈನರ್. ಅವನು ಸಣಕಲು ಆಸಾಮಿ. ಕುದುರೆಗಳಿಗೆ ಓಟ ಕಲಿಸಿ ಕಲಿಸಿ, ತಾನು ಮಾತ್ರ ಒಂದೇ ಕಡೆ ನಿಂತು ಸೊರಗಿದ್ದ. "ರೇಸಿನ ದಿನ ಹೋಗೋಷ್ಟರಲ್ಲಿ ಇಲ್ಲೇ ಒಂದು ರೇಸು ಓಡಿ ಮುಗಿಸಿರ್ತಾಳೆ. ಅಲ್ಲಿ ಹೋದ್ರೆ ಕೊನೇಗೆ ಬರ್ತಾಳೆ. ಇನ್ನೊಂದು ಸಲ ಹೀಗಾದ್ರೆ ಇವಳನ್ನ ಇಲ್ಲಿಂದ ಕಳಿಸಿಬಿಡಿ ಅಂದಿದ್ದಾರೆ ಮಾಲೀಕರು."

"ಗಾಳಿ ಇಲ್ಲ ಅದಕ್ಕೆ," ಎಂದರು ಗಾಳಿ ಸಾಹೇಬರು. ಕಂಪನಿ ಕಲಿಸಿದ ಮಾತು ಅದೊಂದೇ.

ಫ್ಯಾನನ್ನು ಅಮ್ಮಣ್ಣಿಯ ಬಾಗಿಲ ಮುಂದೆ ನಿಲ್ಲಿಸಿ ಗುಂಡಿ ಒತ್ತಿದರು. ಟ್ರೈನರ್‌ಗೆ ಫೋನ್ ಬಂದು ಆಚೆ ಹೋದ. ಗಾಳಿ ಎಲ್ಲಿಯವರೆಗೆ ಬೀಸುತ್ತದೆ ಎಂದು ನೋಡಲು ಸಾಹೇಬರು ಪಕ್ಕದ ಹುಲ್ಲಿನ ಹೊರೆಯ ಮೇಲೆ ಕೂತರು. ಕೂತವರು ಒರಗಿದರು. ಒರಗಿದ ಮೇಲೆ ಏನಾಯಿತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಟ್ರೈನರ್ ಹಿಂದಿರುಗಿ ಬಂದಾಗ ಲಾಯದ ಅಜ್ಜ, ಅಂದರೆ ಅಮ್ಮಣ್ಣಿಯನ್ನು ನೋಡಿಕೊಳ್ಳುವ ಮುದುಕ, ಬಾಯಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದ. ಒಳಗೆ ಅಮ್ಮಣ್ಣಿ ಹುಲ್ಲಿನ ಮೇಲೆ ಕಾಲು ಮಡಚಿ, ಕುತ್ತಿಗೆ ಚೆಲ್ಲಿ ಮಲಗಿದ್ದಳು. ಅವಳ ಹೊಟ್ಟೆ ನಿಧಾನವಾಗಿ ಏರಿ ಇಳಿಯುತ್ತಿತ್ತು.

"ಎಂಥಾ ಫ್ಯಾನು," ಎಂದ ಟ್ರೈನರ್, ಕಣ್ಣಲ್ಲಿ ನೀರು ತುಂಬಿಕೊಂಡು.

ಫ್ಯಾನ್ ಅಲ್ಲೇ ಉಳಿಯಿತು. ಮಾರನೆಯ ದಿನವೇ ದೂರೂ ಬಂತು. "ನಿಮ್ಮ ಫ್ಯಾನು ಒಂದೇ ದಿನಕ್ಕೆ ಕೆಟ್ಟುಹೋಗಿದೆ. ತಿರುಗುತ್ತೆ, ಗಾಳಿಯೂ ಬರುತ್ತೆ, ಆದ್ರೆ ಕೆಲಸ ಮಾಡ್ತಿಲ್ಲ." ಗಾಳಿ ಸಾಹೇಬರು ಓಡಿಬಂದರು. ರೆಕ್ಕೆ ನೋಡಿದರು, ತಂತಿ ನೋಡಿದರು, ಮೋಟಾರಿನ ಸದ್ದು ಕೇಳಲು ಹುಲ್ಲಿನ ಹೊರೆಗೆ ಒರಗಿದರು. ಅಮ್ಮಣ್ಣಿ ಮಲಗಿದಳು. "ಈಗ ಸರಿಯಾಯ್ತು," ಎಂದ ಟ್ರೈನರ್. ಅದರ ಮಾರನೆಯ ದಿನ ಫ್ಯಾನು ಮತ್ತೆ ಕೆಟ್ಟಿತು. ಕಂಪನಿಯ ಇತಿಹಾಸದಲ್ಲಿ ಅಷ್ಟು ಸಲ ರಿಪೇರಿಯಾದ ಫ್ಯಾನು ಇನ್ನೊಂದಿಲ್ಲ. ಹಾಗೆಯೇ, ಒಂದು ಸ್ಕ್ರೂ ಕೂಡ ಬಿಚ್ಚದೆ ರಿಪೇರಿಯಾದ ಫ್ಯಾನೂ ಇನ್ನೊಂದಿಲ್ಲ.

ಒಂದು ದಿನ ಕರೆಂಟು ಹೋಯಿತು. ರೆಕ್ಕೆಗಳು ತಿರುಗಿ ತಿರುಗಿ ನಿಂತವು. ಎಲ್ಲರೂ ಉಸಿರು ಬಿಗಿಹಿಡಿದು ಅಮ್ಮಣ್ಣಿಯನ್ನು ನೋಡಿದರು. ಅವಳು ಏಳಲಿಲ್ಲ. ಫ್ಯಾನಿನ ಸದ್ದು ಅಡಗಿದ ಮೇಲೆ ಹುಲ್ಲಿನ ಹೊರೆಯ ಕಡೆಯಿಂದ ಆ ದೊಡ್ಡ ಹಡಗಿನ ದನಿಯೊಂದೇ ಉಳಿಯಿತು. ಅದು ಏರಿದಾಗ ಅಮ್ಮಣ್ಣಿಯ ಹೊಟ್ಟೆ ಏರುತ್ತಿತ್ತು, ಇಳಿದಾಗ ಇಳಿಯುತ್ತಿತ್ತು. ಟ್ರೈನರ್ ಬಂದು ಸಾಹೇಬರ ಮೂಗನ್ನು ಮೆಲ್ಲಗೆ ಹಿಡಿದ. ಗೊರಕೆ ನಿಂತಿತು. ಅಮ್ಮಣ್ಣಿ ಕಿವಿ ನಿಮಿರಿಸಿ ಒಂದು ಕಣ್ಣು ತೆರೆದಳು. ಮೂಗು ಬಿಟ್ಟ. ಕಣ್ಣು ಮುಚ್ಚಿತು.

"ಫ್ಯಾನು ತಗೊಂಡು ಹೋಗಿ," ಎಂದ ಟ್ರೈನರ್, ಸಾಹೇಬರು ಎದ್ದ ಮೇಲೆ. "ನೀವಿರಿ."

ಹೀಗೆ ಗಾಳಿ ಸಾಹೇಬರಿಗೆ ಜೀವನದಲ್ಲಿ ಮೊದಲ ಸಲ, ಎಚ್ಚರವಾಗಿದ್ದರೆ ಮಾತ್ರ ಕಳೆದುಹೋಗುವಂಥ ಕೆಲಸ ಸಿಕ್ಕಿತು.

ತೊಂದರೆ ಶುರುವಾದದ್ದು ಮನೆಯಲ್ಲಿ. ಹೊಸ ಕೆಲಸ ಏನು ಎಂದು ಹೆಂಡತಿ ಕೇಳಿದರು. ಕುದುರೆಯ ಪಕ್ಕದಲ್ಲಿ ಮಲಗುವುದು ಎಂದು ಯಾವ ಗಂಡ ತಾನೆ ಹೇಳಿಯಾನು? ಅದೂ ಹೆಂಡತಿಯ ತಮ್ಮ ಎದುರಿಗೆ ಕೂತಿರುವಾಗ? ಆ ಭಾವಮೈದುನ ಫೋಟೋ ಸ್ಟುಡಿಯೋ ಇಟ್ಟಿದ್ದ. ಯಾರನ್ನು ನೋಡಿದರೂ "ಗದ್ದ ಸ್ವಲ್ಪ ಮೇಲೆತ್ತಿ" ಎನ್ನುವ ಅಭ್ಯಾಸದವನು.

ಸಾಹೇಬರು ಗದ್ದವನ್ನು ತಾವೇ ಮೇಲೆತ್ತಿದರು. "ಸಲಹೆಗಾರ," ಎಂದರು. "ರೇಸ್ ಕುದುರೆಗಳಿಗೆ."

"ಏನು ಸಲಹೆ ಕೊಡ್ತೀರಿ ಭಾವ?"

"ಅದು ಹೊರಗೆ ಹೇಳೋ ಹಾಗಿಲ್ಲ."

ಅಷ್ಟು ಸಾಕಾಯಿತು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಬೇಕರಿಯವನು ದಿನಾ ಬೆಳಗ್ಗೆ ಕಾದು ನಿಂತು, "ಸಾಹೇಬ್ರೇ, ಈ ವಾರ ಯಾವುದು?" ಎಂದು ಪಿಸುಗುಟ್ಟುವುದು, ಸಾಹೇಬರು "ನಂಗೇನೂ ಗೊತ್ತಿಲ್ಲ ಮಾರಾಯ, ನಾನು ನೋಡಿರೋದೇ ಒಂದು ಕುದುರೆ" ಎನ್ನುವುದು. ಬೇಕರಿಯವನು ಒಳಗೆ ಹೋಗಿ "ಒಂದನೇ ನಂಬರಂತೆ" ಎನ್ನುವುದು. ಒಂದು ದಿನ ಸಾಹೇಬರು ಆಕಳಿಸಿದರು. ಬಾಯಿ ಎಷ್ಟು ಅಗಲ ತೆರೆಯಿತು, ಅದು ಯಾವ ನಂಬರು ಎಂಬುದರ ಮೇಲೆ ಬೇಕರಿಯ ಮುಂದೆ ಎರಡು ಪಂಗಡಗಳಾದವು.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಮಧ್ಯಾಹ್ನವೆಲ್ಲ ನಿದ್ದೆ ಮಾಡುತ್ತಿದ್ದರಿಂದ ರಾತ್ರಿ ಮನೆಯಲ್ಲಿ ಸಾಹೇಬರಿಗೆ ನಿದ್ದೆ ಬರುತ್ತಿರಲಿಲ್ಲ. ಸದ್ದಿಲ್ಲದೆ, ಹೆಂಡತಿಗೆ ತೊಂದರೆಯಾಗಬಾರದೆಂದು ಮಿಸುಕಾಡದೆ ಮಲಗಿರುತ್ತಿದ್ದರು. ಕೊನೆಗೂ ಅವಳಿಗೊಂದು ಒಳ್ಳೆಯ ನಿದ್ದೆ ಕೊಟ್ಟೆನಲ್ಲ ಎಂದು ಅವರಿಗೆ ಸಂತೋಷ. ಹೆಂಡತಿ ಮಾತ್ರ ದಿನದಿಂದ ದಿನಕ್ಕೆ ಕಣ್ಣಿನ ಕೆಳಗೆ ಕಪ್ಪಾಗುತ್ತಾ, ಚಹಾಕ್ಕೆ ಉಪ್ಪು ಹಾಕುತ್ತಾ, ನಲ್ಲಿಯ ಹತ್ತಿರ ಕೊಡ ತುಂಬಿ ಹರಿದರೂ ಸುಮ್ಮನೆ ನಿಂತಿರುತ್ತಾ ಇದ್ದರು. ಯಾರಾದರೂ ಕೇಳಿದರೆ, "ಏನಿಲ್ಲ, ಮನೇಲಿ ತುಂಬ ನಿಶ್ಶಬ್ದ," ಎನ್ನುತ್ತಿದ್ದರು.

ಬೇಸಿಗೆ ಮುಗಿದು ರೇಸಿನ ದಿನ ಬಂತು. ಅಂದು ಸಾಹೇಬರು ಬೆಳಕು ಹರಿಯುವ ಮುಂಚೆಯೇ ಲಾಯಕ್ಕೆ ಹೋದರು. ಮೈದಾನದ ತುಂಬ ಮಂಜು. ಬಿಳಿಯ ಬೇಲಿ ಅಲ್ಲಲ್ಲಿ ಕಾಣುತ್ತಿತ್ತು, ಅಲ್ಲಲ್ಲಿ ಇರಲಿಲ್ಲ. ಆ ಬಿಳುಪಿನೊಳಗಿಂದ ಮೊದಲು ಗೊರಸಿನ ಸದ್ದು, ಆಮೇಲೆ ಉಸಿರಿನ ಸದ್ದು, ಆಮೇಲೆ ಅಮ್ಮಣ್ಣಿ. ಬೆನ್ನ ಮೇಲೆ ಮುದುಡಿ ಕೂತ ಜಾಕಿಯೊಂದಿಗೆ ಅವಳು ನೆಲಕ್ಕೆ ಕಾಲು ತಾಗಿಸದವಳ ಹಾಗೆ ಬಂದು, ಅವರ ಮುಂದೆಯೇ ಹಾದು, ಮತ್ತೆ ಮಂಜಿನೊಳಕ್ಕೆ ಹೋದಳು. ಸಾಹೇಬರು ಬಹಳ ಹೊತ್ತು ಅಲ್ಲೇ ನಿಂತಿದ್ದರು. ತಾನು ಇಷ್ಟು ದಿನ ಯಾರ ಪಕ್ಕದಲ್ಲಿ ಮಲಗಿದ್ದೆ ಎಂಬುದು ಅವರಿಗೆ ಅಂದೇ ಗೊತ್ತಾದದ್ದು.

ಮಧ್ಯಾಹ್ನ ಸಾಹೇಬರು ಮಲಗಿದರು, ಅಮ್ಮಣ್ಣಿಯೂ ಮಲಗಿದಳು. ಕನಸಿನಲ್ಲಿ ಮೋಡದ ಮೇಲೆ ಬರಿಗಾಲಲ್ಲಿ ಓಡುತ್ತಿದ್ದರು. ಪಕ್ಕದಲ್ಲಿ ಬೂದುಬಣ್ಣದ ಇನ್ನೊಂದು ಮೋಡ ಓಡುತ್ತಿತ್ತು. ಕೆಳಗೆ ಎಲ್ಲೋ ಸಾವಿರ ಜನ ಒಟ್ಟಿಗೆ ನಿಟ್ಟುಸಿರು ಬಿಟ್ಟಂತೆ, ಮಳೆ ಬಂದು ಹೋದಂತೆ ಒಂದು ಗದ್ದಲ. ಕಣ್ಣು ಬಿಟ್ಟಾಗ ಲಾಯದ ಅಜ್ಜ ಎದುರಿಗೆ ನಿಂತಿದ್ದ.

"ಅಮ್ಮಣ್ಣಿ ಹೊರಡೋ ಹೊತ್ತಾಯ್ತಾ ಅಜ್ಜ?"

"ಹೋಗಿ ಬಂದ್ಲು ಸಾರ್."

"ಎಷ್ಟನೆಯವಳಾಗಿ ಬಂದ್ಲು?"

"ಅವಳು ಬಂದ ಮೇಲೆ ಉಳಿದವು ಬಂದ್ವು," ಎಂದ ಅಜ್ಜ.

ಮಾರನೆಯ ದಿನ ಸಾಹೇಬರ ಮನೆಗೆ ಟ್ರೈನರ್ ಫೋನ್ ಮಾಡಿದ. "ಅಮ್ಮಣ್ಣಿ ಗೆದ್ದ ವಿಚಾರವಾಗಿ ರೇಸ್ ಮಂಡಳಿಯವರು ನಿಮ್ಮನ್ನ ನೋಡ್ಬೇಕಂತೆ. ನಾಳೆ ಬನ್ನಿ." ಅವನ ದನಿ ನಡುಗುತ್ತಿತ್ತು. ಫೋನ್ ಎತ್ತಿದ್ದ ಭಾವಮೈದುನ ಅದನ್ನು ಆನಂದದ ನಡುಕ ಎಂದು ತಿಳಿದ.

"ಸನ್ಮಾನ," ಎಂದು ಮನೆಗೆ ತಿಳಿಸಿದ. ಬೇಕರಿಯವನು ಬೀದಿಗೆ ತಿಳಿಸಿದ. ಹೀಗಾಗಿ ಮರುದಿನ ಮದುವೆಯ ಕೋಟು ತೊಟ್ಟ ಗಾಳಿ ಸಾಹೇಬರು, ಅರೆಗಣ್ಣಿನಲ್ಲಿ ತೂಗಾಡುತ್ತಿದ್ದ ಅವರ ಹೆಂಡತಿ, ಕ್ಯಾಮೆರಾ ಹಿಡಿದ ಭಾವಮೈದುನ, ಹೂಗುಚ್ಛ ಹಿಡಿದ ಬೇಕರಿಯವನು, ನಾಲ್ವರೂ ಬಸ್ಸು ಹತ್ತಿ ಮಂಡಳಿಯ ಕಚೇರಿಗೆ ಹೋದರು. ಬಾಗಿಲಲ್ಲಿ ಜವಾನ, "ವಿಚಾರಣೆಗೆ ಸಂಬಂಧಪಟ್ಟವರು ಮಾತ್ರ ಒಳಗೆ," ಎಂದ.

"ಹೆಂಡತಿ ಸಂಬಂಧಪಟ್ಟವರೋ ಅಲ್ವೋ?" ಎಂದು ಭಾವಮೈದುನ ಕೇಳಿದ. ಜವಾನನಿಗೆ ಮದುವೆಯಾಗಿತ್ತು. ಆಕೆಯನ್ನು ಒಳಗೆ ಬಿಟ್ಟ.

ಒಳಗೆ ಉದ್ದನೆಯ ಮೇಜು. ಮೇಜಿನ ಹಿಂದೆ ಮೂವರು: ಕನ್ನಡಕದ ಅಧ್ಯಕ್ಷರು, ಒಬ್ಬ ಪಶುವೈದ್ಯರು, ಮೀಸೆ ತಿರುವಿದ ಒಬ್ಬ ನಿವೃತ್ತ ಸೇನಾಧಿಕಾರಿ. ಗೋಡೆಯ ಪಕ್ಕದಲ್ಲಿ ಟ್ರೈನರ್ ಸುಣ್ಣದ ಬಣ್ಣಕ್ಕೆ ತಿರುಗಿ ನಿಂತಿದ್ದ.

"ಸದಾ ಕೊನೆಗೆ ಬರುತ್ತಿದ್ದ ಕುದುರೆ ಒಮ್ಮೆಲೇ ಮೊದಲು ಬಂದರೆ ಕಾರಣ ಕೇಳುವುದು ನಮ್ಮ ಕರ್ತವ್ಯ," ಎಂದರು ಅಧ್ಯಕ್ಷರು. "ಅದರ ರಕ್ತ ಪರೀಕ್ಷೆ ಮಾಡಿಸಿದ್ದೇವೆ. ಡಾಕ್ಟರೇ?"

"ಏನೂ ಸಿಕ್ಕಿಲ್ಲ," ಎಂದರು ಪಶುವೈದ್ಯರು. "ನನ್ನ ಅನುಮಾನ ಅದೇ. ಸ್ವಲ್ಪವೂ ಏನೂ ಸಿಕ್ಕಿಲ್ಲ."

"ಚೆನ್ನಾಗಿ ನಿದ್ದೆ ಮಾಡಿದ್ದಕ್ಕೆ ಕುದುರೆ ಗೆದ್ದಿತು ಎನ್ನುತ್ತಾರೆ ಟ್ರೈನರ್," ಎಂದು ಅಧ್ಯಕ್ಷರು ಸಾಹೇಬರ ಕಡೆ ತಿರುಗಿದರು. "ನಿದ್ದೆಯ ಔಷಧ ಯಾವುದು ಎಂದು ಕೇಳಿದರೆ ನಿಮ್ಮನ್ನು ತೋರಿಸುತ್ತಾರೆ. ಸರಿಯಾದ ಉತ್ತರ ಬರದಿದ್ದರೆ ಅವರ ಲೈಸೆನ್ಸು ಹೋಗುತ್ತದೆ, ಕುದುರೆಯೂ ಮೈದಾನ ಬಿಡಬೇಕಾಗುತ್ತದೆ. ಹೇಳಿ, ನೀವು ಏನು ಕೊಟ್ಟಿರಿ?"

ಗಾಳಿ ಸಾಹೇಬರು ಸನ್ಮಾನಕ್ಕೆಂದು ಬಾಗಿಸಿದ್ದ ಕುತ್ತಿಗೆಯನ್ನು ನೆಟ್ಟಗೆ ಮಾಡಿದರು. ಹೆಂಡತಿಯ ಕಡೆ ನೋಡಿದರು. ಸಲಹೆ ಎಂದು ಹೇಳಬಹುದಿತ್ತು. ಟ್ರೈನರನ ಮುಖ ನೋಡಿದರು.

"ನಿದ್ದೆ ಮಾಡ್ದೆ ಸಾರ್," ಎಂದರು. "ಅಷ್ಟೇ ನನ್ನ ಕೆಲಸ. ಗೊರಕೆ ಹೊಡೀತೀನಿ, ಅವಳು ಮಲಗ್ತಾಳೆ."

ಹೆಂಡತಿ ನಿಧಾನವಾಗಿ ಅವರ ಕಡೆ ತಿರುಗಿದರು.

"ಮಲಗಿ ತೋರಿಸಿ," ಎಂದು ಸೇನಾಧಿಕಾರಿ ಅಪ್ಪಣೆ ಮಾಡಿದರು.

ಸಾಹೇಬರು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಸಿನಿಮಾ ಮಂದಿರದಲ್ಲಿ, ಗೋದಾಮಿನಲ್ಲಿ, ಬೇಡಬೇಡವೆಂದರೂ ಬಂದು ತಬ್ಬಿಕೊಳ್ಳುತ್ತಿದ್ದ ನಿದ್ದೆ, ಬೇಕೆಂದಾಗ ಹತ್ತಿರ ಸುಳಿಯಲಿಲ್ಲ. ಬಲಕ್ಕೆ ಒರಗಿದರು, ಎಡಕ್ಕೆ ಒರಗಿದರು, ಕೆಮ್ಮಿದರು. ಒಂದು ಸುಳ್ಳು ಗೊರಕೆಯನ್ನೂ ಪ್ರಯತ್ನಿಸಿದರು. ಅದು ಬಾಗಿಲ ಕೀಲಿನ ಹಾಗೆ ಕೇಳಿಸಿತು. ಟ್ರೈನರ್ ಗೋಡೆ ಹಿಡಿದುಕೊಂಡ.

"ಸಾಕು," ಎಂದರು ಅಧ್ಯಕ್ಷರು. "ಶಿಕ್ಷೆ ಹೇಳುವ ಮುಂಚೆ ನಿಯಮ ಓದಬೇಕು. ಓದುತ್ತೇನೆ." ಕನ್ನಡಕ ಸರಿಮಾಡಿಕೊಂಡು, ದಪ್ಪನೆಯ ನಿಯಮಾವಳಿ ತೆರೆದು, ಒಂದೇ ದನಿಯಲ್ಲಿ ಶುರುಮಾಡಿದರು. "ಸದರಿ ಮಂಡಳಿಯ ವ್ಯಾಪ್ತಿಗೆ ಒಳಪಡುವ ಯಾವುದೇ ಕುದುರೆಯ, ಅಥವಾ ಕುದುರೆಗಳ, ಅಥವಾ ಕುದುರೆಗೆ ಸಮಾನವೆಂದು ಪರಿಗಣಿಸಲಾದ..."

ಉಪನಿಯಮಕ್ಕೆ ಬರುವಷ್ಟರಲ್ಲಿ ದೂರದಲ್ಲಿ ಹಡಗೊಂದು ಹೊರಟಿತು.

ಅಧ್ಯಕ್ಷರು ಓದುತ್ತಲೇ ಇದ್ದರು. ಹಡಗು ಏರಿತು, ಇಳಿಯಿತು. ಕಿಟಕಿಯ ಪರದೆ ಕೂಡ ಅದೇ ತಾಳಕ್ಕೆ ಉಬ್ಬಿ ಇಳಿದಂತೆ ಕಂಡಿತು. ಸೇನಾಧಿಕಾರಿಯ ಮೀಸೆಯ ಒಂದು ತುದಿ ಮೇಜಿಗೆ ತಾಗಿತು, ಆಮೇಲೆ ಇನ್ನೊಂದು ತುದಿ. ಪಶುವೈದ್ಯರು ಅವರ ನಾಡಿ ಹಿಡಿದು ನೋಡಿ, "ಔಷಧದ ಲಕ್ಷಣ ಇಲ್ಲ," ಎಂದು ಮೆಲ್ಲಗೆ ಹೇಳಿ, ತಮ್ಮ ಕಣ್ಣನ್ನು ತಾವೇ ಉಜ್ಜಿಕೊಂಡರು.

ಅಧ್ಯಕ್ಷರು ಪುಸ್ತಕ ಕೆಳಗಿಟ್ಟರು. "ಅಮ್ಮಾ, ನೀವು ಇವರ ಜೊತೆ ಬಹಳ ಕಾಲ ಇದ್ದವರು. ಈ ಸದ್ದಿಗೆ ನಿದ್ದೆ ಬರುವುದು ನಿಜವೇ?"

ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಇಷ್ಟು ವರ್ಷ ಬೈತಾನೇ ಇದ್ದೆ ಸಾರ್, ನಿದ್ದೆ ಕೆಡಿಸ್ತಾರೆ ಅಂತ. ಈಗ ಇವ್ರು ರಾತ್ರಿ ಸುಮ್ನೆ ಮಲಗ್ತಾರೆ. ಅವತ್ತಿಂದ ನಂಗೆ ಕಣ್ಣು ಮುಚ್ಚಕ್ಕಾಗಿಲ್ಲ. ಎಲ್ಲಿಗೆ ಹೋಯ್ತು ಇವ್ರ ನಿದ್ದೆ ಅಂತ ಯೋಚ್ನೆ ಮಾಡ್ತಿದ್ದೆ." ಸೆರಗು ಬಿಟ್ಟು ಹೇಳಿದರು, "ಕುದ್ರೆಗೆ ಹೋಗಿದೆ ಅಂತ ಈಗ ಗೊತ್ತಾಯ್ತು."

ಸಾಹೇಬರಿಗೆ ಎಚ್ಚರವಾಗಿತ್ತು. ಕಣ್ಣು ತೆರೆಯುವ ಧೈರ್ಯವಾಗಲಿಲ್ಲ.

ತೀರ್ಪು ಸುಲಭವಾಯಿತು, ದಾಖಲಾತಿ ಕಷ್ಟವಾಯಿತು. ಲಾಯದೊಳಗೆ ಲೈಸೆನ್ಸು ಇಲ್ಲದವರು ಇರುವಂತಿಲ್ಲ. ಜಾಕಿಗೆ ಲೈಸೆನ್ಸಿದೆ, ಲಾಳ ಕಟ್ಟುವವನಿಗಿದೆ, ಹುಲ್ಲು ಹಾಕುವವನಿಗಿದೆ. ಮಲಗುವವನಿಗಿಲ್ಲ. ಅಧ್ಯಕ್ಷರು ಹುಡುಕಿ ಹುಡುಕಿ ಒಂದು ಕಲಮು ತೆಗೆದರು. ಅಂಜುವ ಕುದುರೆಯ ಜೊತೆಗೆ ಒಂದು ಆಡನ್ನೋ ಕತ್ತೆಯನ್ನೋ ಕಟ್ಟಲು ಅದರಲ್ಲಿ ಅವಕಾಶವಿತ್ತು. 'ಸಂಗಾತಿ ಪ್ರಾಣಿ.'

"ಬೇರೆ ದಾರಿ ಇಲ್ಲ," ಎಂದರು ಅಧ್ಯಕ್ಷರು, ಕಾನೂನಿನ ಮುಂದೆ ತಾವೂ ಒಂದು ಆಡೇ ಎಂಬಂತೆ. ಸಂಗಾತಿ ಪ್ರಾಣಿಯ ಅರ್ಜಿ ತೆಗೆದು ತುಂಬತೊಡಗಿದರು. "ಒದೆಯುವ ಅಭ್ಯಾಸ ಉಂಟೇ?"

"ನಿದ್ದೇಲಿ ಒಂದೊಂದ್ಸಲ," ಎಂದರು ಹೆಂಡತಿ.

"ಕಚ್ಚುವುದು?"

"ಇಲ್ಲ. ಉಗುರು ಕಚ್ಕೋತಾರೆ."

"ಆಹಾರ?"

"ಹಾಕಿದ್ದು ತಿಂತಾರೆ."

"ಇಲ್ಲಿ ಮಾಲೀಕರ ಸಹಿ ಬೇಕು."

ಟ್ರೈನರ್ ಒಂದು ಹೆಜ್ಜೆ ಮುಂದೆ ಬಂದ. ಹೆಂಡತಿ ಅವನನ್ನು ಒಮ್ಮೆ ನೋಡಿದರು. ಅವನು ಹಿಂದಕ್ಕೆ ಹೋದ. ಆಕೆ ಪೆನ್ನು ತೆಗೆದುಕೊಂಡು, ಮೇಜಿನ ಮೇಲೆ ಬಾಗಿ, ಅಚ್ಚುಕಟ್ಟಾಗಿ ಸಹಿ ಹಾಕಿದರು. ಆಮೇಲೆ ಕೆಳಗೆ ತಾವೇ ಒಂದು ಷರತ್ತನ್ನು ಬರೆದರು: ಒಂದು ದಿನ ಬಿಟ್ಟು ಒಂದು ದಿನ ಮಾತ್ರ.

"ಅಮ್ಮಣ್ಣಿಗೆ ಸಾಕಾಗುತ್ತಾ?" ಎಂದು ಸಾಹೇಬರು ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಸಾಕಾಗ್ಬೇಕು," ಎಂದರು ಹೆಂಡತಿ. "ನಾನೂ ಹಂಚ್ಕೋತಿಲ್ವಾ?"

ಹೊರಗೆ ಭಾವಮೈದುನ ಕ್ಯಾಮೆರಾ ಎತ್ತಿ ನಿಂತಿದ್ದ. "ಏನಾಯ್ತಕ್ಕ?"

"ಕೆಲಸ ಕಾಯಂ ಮಾಡಿದ್ರು."

"ಯಾವ ಪೋಸ್ಟಿಗೆ?"

"ಅಮ್ಮಣ್ಣಿ ಪಕ್ಕದ ಪೋಸ್ಟಿಗೆ," ಎಂದು ಹೇಳಿ ಆಕೆ ಬೇಕರಿಯವನ ಕೈಯಿಂದ ಹೂಗುಚ್ಛ ತೆಗೆದುಕೊಂಡು ಗಂಡನ ಕೈಗೆ ಕೊಟ್ಟರು. ಬೇಕರಿಯವನು ಪೋಸ್ಟಿನ ವಿವರ ಕೇಳಲು ಬಾಯಿ ತೆರೆದ. ಆಕೆಯ ಮುಖ ನೋಡಿ ಮುಚ್ಚಿದ.

ಮನೆಗೆ ಹೋಗುವ ಬಸ್ಸಿನಲ್ಲಿ ಸಂಜೆಯ ಬಿಸಿಲು ತುಂಬಿಕೊಂಡಿತ್ತು. ಸಾಹೇಬರು ಕಿಟಕಿಯ ಪಕ್ಕ ಕೂತರು. ಎರಡು ತಿರುವು ಕಳೆಯುವುದರೊಳಗೆ ತಲೆ ಹೆಂಡತಿಯ ಹೆಗಲಿಗೆ ಬಂತು. ಗೊರಕೆ ಶುರುವಾಯಿತು. ಮುಂದಿನ ಸೀಟಿನ ಗುಮಾಸ್ತನೊಬ್ಬ ತಿರುಗಿ ನೋಡಿ, "ಅಮ್ಮಾ, ಸ್ವಲ್ಪ ಎಬ್ಬಿಸ್ತೀರಾ?" ಎಂದ.

"ಇವ್ರಿಗೆ ಲೈಸೆನ್ಸ್ ಇದೆ," ಎಂದರು ಆಕೆ ಗಂಭೀರವಾಗಿ.

ಗುಮಾಸ್ತ ಇನ್ನೇನೋ ಹೇಳುವವನಿದ್ದ. ಆದರೆ ಮಾತು ಆಕಳಿಕೆಯಾಗಿ ಹೊರಗೆ ಬಂತು. ಹಿಂದಿನ ಸೀಟಿನಲ್ಲಿ ಭಾವಮೈದುನನ ಗದ್ದ ಎದೆಗಿಳಿಯಿತು, ಬೇಕರಿಯವನು ಅವನಿಗೊರಗಿದ. ಹೆಂಡತಿಯ ಕಣ್ಣುಗಳು ಮೆಲ್ಲಗೆ ಮುಚ್ಚಿದವು. ಮಾರುಕಟ್ಟೆ ಹೋಯಿತು, ಸೇತುವೆ ಹೋಯಿತು, ಇಳಿಯಬೇಕಾದ ಬೀದಿಯೂ ಹೋಯಿತು. ಯಾರೂ ಗಂಟೆ ಹೊಡೆಯಲಿಲ್ಲ.

ಕೊನೆಯ ನಿಲ್ದಾಣದಲ್ಲಿ ಬಸ್ಸು ನಿಂತಾಗ ಕಂಡಕ್ಟರ್ ಸೀಟಿನಿಂದ ಸೀಟಿಗೆ ನೋಡುತ್ತಾ ಬಂದ. ಕೂಗಲು ಬಾಯಿ ತೆರೆದವನು, ಹಾಗೆಯೇ ನಿಂತು ಸ್ವಲ್ಪ ಹೊತ್ತು ಕೇಳಿದ. ಆಮೇಲೆ ಡ್ರೈವರನ ಹತ್ತಿರ ಹೋಗಿ, ಕಿವಿಯಲ್ಲಿ, "ಇನ್ನೊಂದು ಸುತ್ತು ಹೊಡೆಯೋಣ. ನಿಧಾನಕ್ಕೆ ಹೋಗು, ಹಳ್ಳ ತಪ್ಪಿಸು," ಎಂದ.